ಅಜ್ಜ ಕಡಿದ ಹಾಡಿ ಮತ್ತೆ ಚಿಗುರಿತ್ತು. ಈಗ ಕಡಿದರೂ ಚಿಗುರುತ್ತದಾ?

ಪ್ರಶ್ನೆ: ನಮ್ಮದು ಉಡುಪಿ ತಾಲೂಕು, ಪೆರ್ಡೂರು ಕಡೆ. ಮನೆಯ ಹಿಂದೆ ಎರಡೂವರೆ ಎಕ್ರೆ ಹಾಡಿ (ಕಿರುಕಾಡು) ಇದೆ. ಇಳಿಜಾರು ಜಾಗ, ಕೆಳಗೆ ತೋಡು (ಸಣ್ಣ ಹಳ್ಳ), ಅದರಾಚೆ ಅಡಿಕೆ ತೋಟ. ಅಜ್ಜನ ಕಾಲದಲ್ಲಿ ವರ್ಷಕ್ಕೆ ಒಂದೊಂದು ಕಡೆ ಮರಗಳನ್ನು ಬುಡಕ್ಕೆ ಕಡಿದು ಸೌದೆ ಮಾಡುತ್ತಿದ್ದರು. ಸೊಪ್ಪು ಹಟ್ಟಿಗೆ ಹೋಗುತ್ತಿತ್ತು. ಗ್ಯಾಸ್ ಬಂದ ಮೇಲೆ ಅದು ನಿಂತುಹೋಯಿತು. ಮೂವತ್ತು ವರ್ಷದಿಂದ ಯಾರೂ ಕತ್ತಿ ಹಾಕಿಲ್ಲ. ಈಗ ಒಂದೊಂದು ಬುಡದಲ್ಲಿ ನಾಲ್ಕೈದು ಮರ ಎದ್ದು ನಿಂತಿವೆ. ಸೌದೆ ವ್ಯಾಪಾರದವರೊಬ್ಬರು ಇಡೀ ಹಾಡಿಗೆ ರೇಟು ಹೇಳಿದ್ದಾರೆ. ‘ಎಲ್ಲಾ ಕಡಿದರೂ ಮತ್ತೆ ಚಿಗುರುತ್ತೆ, ನಿಮಗೇನೂ ನಷ್ಟ ಇಲ್ಲ’ ಅನ್ನುತ್ತಾರೆ. ಅಕ್ಕನ ಮಗ ಇಂಗ್ಲೆಂಡಿನ ‘ಕಾಪಿಸಿಂಗ್’ ವಿಡಿಯೋ ತೋರಿಸಿ, ಹೀಗೆ ಕಡಿದರೆ ಮರದ ಆಯುಸ್ಸು ಜಾಸ್ತಿಯಾಗುತ್ತದೆ ಅನ್ನುತ್ತಾನೆ. ನನ್ನ ಹೆಂಡತಿಗೆ ಒಂದು ಮರ ಮುಟ್ಟುವುದೂ ಇಷ್ಟವಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಬಾವಿಯಲ್ಲಿ ನೀರು ಉಳಿಯುವುದೇ ಆ ಹಾಡಿಯಿಂದ ಎಂದು ಅವಳ ಮಾತು. ಯಾರು ಸರಿ? ಕಡಿಯುವುದಾದರೆ ಹೇಗೆ ಕಡಿಯಬೇಕು? (ಹೆಸರು ಬೇಡ ಎಂದಿದ್ದಾರೆ)

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಬುಡಕ್ಕೆ ಕಡಿದ ಮರ ಬದುಕುತ್ತದಾ ಅನ್ನುವುದು ಒಂದು. ನಿಮ್ಮ ಹಾಡಿಯನ್ನು ಈಗ ಕಡಿಯಬೇಕಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ‘ಹೌದು, ಹಲವು ಮರಗಳು ಬದುಕುತ್ತವೆ’ ಎಂದು ಹೇಳಬಹುದು. ವ್ಯಾಪಾರದವರು ಆ ಒಂದು ಹೌದನ್ನು ಹಿಡಿದುಕೊಂಡು ಎರಡನೆಯದಕ್ಕೂ ಹೌದು ಅಂದುಬಿಟ್ಟಿದ್ದಾರೆ. ಅಲ್ಲೇ ಮೋಸ ಹೋಗುವುದು.

ನಿಮ್ಮ ಅಜ್ಜ ಮಾಡುತ್ತಿದ್ದುದು ಏನು ಎಂದು ಸರಿಯಾಗಿ ನೋಡಿ. ಅವರು ಹಾಡಿ ಕಡಿಯುತ್ತಿರಲಿಲ್ಲ. ಹಾಡಿಯ ಒಂದು ಮೂಲೆಯನ್ನು ಕಡಿದು, ಉಳಿದದ್ದನ್ನು ಕಾಯುತ್ತಿದ್ದರು. ಮತ್ತೆ ಅದೇ ಮೂಲೆಗೆ ಬರುವ ಹೊತ್ತಿಗೆ ಎಂಟೋ ಹತ್ತೋ ಹನ್ನೆರಡೋ ವರ್ಷ ಕಳೆದಿರುತ್ತಿತ್ತು. ಕಾಪಿಸಿಂಗ್ ಅಂದರೆ ಇಷ್ಟೇ. ಕಡಿಯುವ ಕೆಲಸ ನಾಲ್ಕು ದಿನದ್ದು, ಕಾಯುವ ಕೆಲಸ ಹತ್ತು ವರ್ಷದ್ದು. ಆ ಹತ್ತು ವರ್ಷ ಕಾಯಲು ನಿಮ್ಮಿಂದ ಆಗುತ್ತದಾ ಅನ್ನುವುದರ ಮೇಲೆ ನನ್ನ ಉಳಿದ ಮಾತೆಲ್ಲ ನಿಂತಿದೆ.

ಮರ ಯಾಕೆ ಚಿಗುರುತ್ತದೆ ಎಂದು ತಿಳಿದರೆ ಎಲ್ಲಿ ಎಡವುತ್ತೇವೆ ಅನ್ನುವುದೂ ತಿಳಿಯುತ್ತದೆ. ಮರದ ತೊಗಟೆಯ ಅಡಿಯಲ್ಲಿ ನಿದ್ದೆ ಮಾಡುತ್ತಿರುವ ಮೊಗ್ಗುಗಳಿರುತ್ತವೆ. ತುದಿಯಲ್ಲಿ ಬೆಳೆಯುವ ಚಿಗುರು ಆಕ್ಸಿನ್ ಎಂಬ ಹಾರ್ಮೋನನ್ನು ಕೆಳಗೆ ಕಳಿಸುತ್ತಿರುತ್ತದೆ. ಅದು ಬರುತ್ತಿರುವಷ್ಟು ದಿನ ಬುಡದ ಮೊಗ್ಗುಗಳು ಏಳುವುದಿಲ್ಲ. ಮರ ಕಡಿದರೆ ಆ ಹಾರ್ಮೋನು ನಿಲ್ಲುತ್ತದೆ, ಮೊಗ್ಗುಗಳು ಏಳುತ್ತವೆ. ಆದರೆ ಎದ್ದ ಚಿಗುರಿಗೆ ಎಲೆ ಬಲಿಯುವ ತನಕ ಊಟ ಬೇಕಲ್ಲ? ಅದು ಬೇರಿನಲ್ಲಿ ಕೂಡಿಟ್ಟ ಪಿಷ್ಟದಿಂದ ಬರುತ್ತದೆ. ದೊಡ್ಡ ಮರದ ಬೇರು ಹಾಗೇ ಇರುವುದರಿಂದ ಚಿಗುರು ಬೀಜದ ಸಸಿಗಿಂತ ಎಷ್ಟೋ ವೇಗವಾಗಿ ಏಳುತ್ತದೆ. ಒಳ್ಳೆ ಜಾಗವಾದರೆ ಒಂದೇ ವರ್ಷಕ್ಕೆ ಆಳೆತ್ತರ ಬರುವುದುಂಟು.

ಅಂದರೆ ಪ್ರತಿ ಸಲ ಕಡಿದಾಗಲೂ ಮರ ತನ್ನ ಉಳಿತಾಯ ಒಡೆದು ಖರ್ಚು ಮಾಡುತ್ತದೆ. ಅದನ್ನು ಮತ್ತೆ ತುಂಬಿಸಲು ವರ್ಷಗಳು ಬೇಕು. ಮೂರು ನಾಲ್ಕು ವರ್ಷಕ್ಕೊಮ್ಮೆ ಕಡಿಯುತ್ತಾ ಹೋದರೆ ಒಂದು ದಿನ ಬೇರಿನಲ್ಲಿ ಏನೂ ಇರುವುದಿಲ್ಲ. ಎಷ್ಟೋ ಗುಡ್ಡೆಗಳಲ್ಲಿ ಇವತ್ತು ಬರೀ ಮುರಕಲ್ಲು, ಕೇಪಳ, ಕುಂಟುನೇರಳೆಯಂಥ ಕುರುಚಲು ಮಾತ್ರ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಕಡಿದದ್ದು ತಪ್ಪಲ್ಲ, ಬೇಗ ಬೇಗ ಕಡಿದದ್ದು ತಪ್ಪು.

ಇನ್ನು ಇಂಗ್ಲೆಂಡಿನ ವಿಷಯ. ನಿಮ್ಮ ಅಕ್ಕನ ಮಗ ಹೇಳಿದ್ದರಲ್ಲಿ ಸುಳ್ಳಿಲ್ಲ. ಸಫೋಕ್‌ನ ಬ್ರಾಡ್‌ಫೀಲ್ಡ್ ವುಡ್ಸ್ ಎಂಬ ಕಾಡನ್ನು 1252ರಿಂದಲೂ ಹೀಗೆ ಸರದಿಯಲ್ಲಿ ಕಡಿಯುತ್ತಾ ಬಂದಿದ್ದಾರೆ. ಅಲ್ಲಿಯ ಕೆಲವು ಬುಡಗಳು ನೂರಾರು ವರ್ಷ ಹಳೆಯವು. ಕಾಂಡ ಮುಪ್ಪಾಗುವ ಮೊದಲೇ ತೆಗೆಯುವುದರಿಂದ, ಗಾಳಿಗೆ ಬೀಳುವ ಭಾರ ಇಲ್ಲದಿರುವುದರಿಂದ, ಬುಡ ತುಂಬಾ ಕಾಲ ಬಾಳುತ್ತದೆ. ಹೇಝಲ್ ಎಂಬ ಗಿಡವನ್ನು ಅಲ್ಲಿ ಏಳರಿಂದ ಹತ್ತು ವರ್ಷಕ್ಕೊಮ್ಮೆ ಕಡಿಯುತ್ತಾರೆ. ಹಂದರಕ್ಕೆ, ಬೇಲಿಗೆ, ಹುಲ್ಲುಮಾಡಿನ ಗಳುಗಳಿಗೆ ಅದು ಬೇಕಿತ್ತು.

ಆದರೆ ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ಹಾಗೇ ತರಬಾರದು. ಅಲ್ಲಿ ಚಳಿಗಾಲದಲ್ಲಿ ಮರಗಳು ಎಲೆ ಉದುರಿಸಿ ಮಲಗುತ್ತವೆ. ಆಗ ಕಡಿದರೆ ಕುತ್ತಿ (ಕಡಿದ ಮೇಲೆ ಉಳಿಯುವ ಮೋಟು ಬುಡ) ಕೊಳೆಯುವ ಭಯ ಕಡಿಮೆ. ಮಳೆ ವರ್ಷವಿಡೀ ಸಣ್ಣಗೆ ಹಂಚಿಕೊಂಡು ಬೀಳುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ., ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೋಳಾದ ಇಳಿಜಾರಿನ ಮೇಲೆ ಆ ಮಳೆ ಬಿದ್ದರೆ ಮೇಲ್ಮಣ್ಣು ತೋಡು ಸೇರುತ್ತದೆ. ಇನ್ನೊಂದು ವ್ಯತ್ಯಾಸ ಇದೆ, ಅದು ನನ್ನನ್ನು ಹೆಚ್ಚು ಕಾಡುವುದು. ಅಲ್ಲಿ ಕಡಿದ ಜಾಗಕ್ಕೆ ಬೆಳಕು ಬಿದ್ದರೆ ಕಾಡುಹೂಗಳು ಅರಳುತ್ತವೆ, ಚಿಟ್ಟೆಗಳು ಬರುತ್ತವೆ. ಇಲ್ಲಿ ಅದೇ ಬೆಳಕಿಗೆ ಮೊದಲು ಬರುವುದು ಕಮ್ಯುನಿಸ್ಟ್ ಗಿಡ (ಕ್ರೋಮೊಲೀನಾ ಎಂಬ ಕಳೆ), ಆಮೇಲೆ ಲಂಟಾನ. ಎರಡು ಮಳೆಗಾಲ ನೀವು ಅದನ್ನು ಕಿತ್ತು ಹಾಕದಿದ್ದರೆ ನಿಮ್ಮ ಚಿಗುರು ಅದರ ಅಡಿಯಲ್ಲೇ ಉಸಿರುಗಟ್ಟುತ್ತದೆ.

ನಮ್ಮ ಕರಾವಳಿಗೆ ಈ ಪದ್ಧತಿ ಹೊಸದಲ್ಲ. ಗದ್ದೆಗೆ, ತೋಟಕ್ಕೆ ಸೊಪ್ಪು ಬೇಕು, ಬಚ್ಚಲ ಹಂಡೆಗೆ ಸೌದೆ ಬೇಕು. ಎಲ್ಲವೂ ಹಾಡಿಯಿಂದ, ಕುಮ್ಕಿಯಿಂದ (ಸ್ವಂತ ಜಮೀನಿಗೆ ತಾಗಿದ ಸರಕಾರಿ ಜಾಗ) ಬರುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ನೇತ್ರಾವತಿಯ ದಡದಲ್ಲಿ ಒಂದರ ಹಿಂದೆ ಒಂದು ಕಾರ್ಖಾನೆ ಎದ್ದವು. ಹಂಚು ಸುಡುವ ಭಟ್ಟಿಗೂ ಸೌದೆಯೇ ಬೇಕು. ಉತ್ತರ ಕನ್ನಡದಲ್ಲಿ ಒಂದು ಎಕ್ರೆ ಅಡಿಕೆ ತೋಟಕ್ಕೆ ಒಂಬತ್ತು ಎಕ್ರೆಯ ತನಕ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದರು. ಆ ಒಂಬತ್ತನ್ನು ಗಮನಿಸಿ. ಒಂದು ತೋಟ ಸಾಕಲು ಅಷ್ಟು ಕಾಡು ಬೇಕು, ಮರಕ್ಕೆ ಅಷ್ಟು ಬಿಡುವು ಬೇಕು ಎಂದು ಆಗಲೇ ಗೊತ್ತಿತ್ತು.

ಸೊಪ್ಪು ಸವರುವುದು ಬೇರೆ, ಬುಡಕ್ಕೆ ಕಡಿಯುವುದು ಬೇರೆ. ಸೊಪ್ಪಿಗಾಗಿ ಗೆಲ್ಲು (ಕೊಂಬೆ) ಸವರುವಾಗ ತುದಿಯ ಮೂರರಲ್ಲಿ ಒಂದು ಪಾಲನ್ನು ಹಾಗೇ ಬಿಟ್ಟರೆ ಮರ ತಡೆದುಕೊಳ್ಳುತ್ತದೆ. ಪ್ರತಿ ವರ್ಷ ಬೋಳಿಸಿದರೆ ನಿಧಾನವಾಗಿ ಸಾಯುತ್ತದೆ. ನಿಮ್ಮ ಪ್ರಶ್ನೆ ಅದರದ್ದಲ್ಲ, ಹಾಗಾಗಿ ಇಲ್ಲಿಗೆ ಬಿಡುತ್ತೇನೆ.

ಯಾವ ಮರ ಚಿಗುರುತ್ತದೆ? ಎಲ್ಲವೂ ಅಲ್ಲ. ಮತ್ತಿ, ಮರುವ, ಜಂಬೆ, ನಂದಿ, ಹೊನ್ನೆ, ನೇರಳೆ, ಕಾಸರಕ, ಕವಲು, ಸಾಗುವಾನಿ ಇವೆಲ್ಲ ಚೆನ್ನಾಗಿ ಚಿಗುರುವ ಜಾತಿಗಳು. ನಮ್ಮ ಕಡೆಯ ಹೈಗ ಈ ಕೆಲಸಕ್ಕೆ ಹೇಳಿ ಮಾಡಿಸಿದ ಮರ. ಗೆಲ್ಲಿನ ಮೇಲೆ ಮುಳ್ಳುಮುಳ್ಳಾದ ಉಂಡೆಗಳಿರುತ್ತವಲ್ಲ, ಕಾಯಿ ಎಂದು ಎಲ್ಲರೂ ತಿಳಿಯುತ್ತಾರೆ, ಅದು ಕೀಟದ ಗಂಟು. ಆ ಗುರುತಿನಿಂದ ಹೈಗವನ್ನು ಸುಲಭವಾಗಿ ಹಿಡಿಯಬಹುದು. ನಿಮ್ಮ ಹಾಡಿಯಲ್ಲಿ ನಾಲ್ಕೈದು ಕಾಂಡ ಎದ್ದ ಬುಡಗಳಲ್ಲಿ ಹೈಗ, ಮರುವ ಜಾಸ್ತಿ ಇರಬಹುದು ಎಂದು ನನ್ನ ಊಹೆ. ನೋಡಿ ತಿಳಿಸಿ.

ಗಾಳಿಮರ ಬುಡದಿಂದ ಸರಿಯಾಗಿ ಚಿಗುರುವುದಿಲ್ಲ. ಅಕೇಶಿಯಾ ಕೂಡ ನಂಬುವ ಹಾಗಿಲ್ಲ, ಚಿಗುರಿದರೂ ಬಡಕಲು. ಬೈನೆ, ಈಚಲು, ತೆಂಗಿನ ಜಾತಿಯವಕ್ಕೆ ತುದಿಯಲ್ಲಿ ಒಂದೇ ಮೊಗ್ಗು. ಅದನ್ನು ಕಡಿದರೆ ಮರ ಮುಗಿದ ಹಾಗೆ. ಧೂಪ, ರಾಮಪತ್ರೆಯಂಥ ನಿತ್ಯಹಸಿರು ಮರ ಹಾಡಿಯಲ್ಲಿ ಒಂದೆರಡು ಇದ್ದರೂ ಅವನ್ನು ಮುಟ್ಟಬೇಡಿ. ರಾಮಪತ್ರೆಯ ಹಣ್ಣಿಗೆ ಮಂಗಟ್ಟೆ ಹಕ್ಕಿ ಬರುತ್ತದೆ. ನೆರಳಿನಲ್ಲೇ ಮೊಳೆತು ನೆರಳಿನಲ್ಲೇ ಬೆಳೆಯುವ ಇವು ಒಮ್ಮೆ ಹೋದರೆ ನಿಮ್ಮ ಜೀವಮಾನದಲ್ಲಿ ತಿರುಗಿ ಬರುವುದಿಲ್ಲ.

ನಿಮ್ಮ ವಿಷಯದಲ್ಲಿ ಒಂದು ಗಂಭೀರ ತೊಡಕಿದೆ. ಮೂವತ್ತು ವರ್ಷದ ಅಂತರ. ಅಜ್ಜ ಕಡಿಯುವಾಗ ಕಾಂಡ ತೋಳಿನ ದಪ್ಪ, ತೊಡೆಯ ದಪ್ಪ ಇರುತ್ತಿತ್ತು. ಅಂಥ ಎಳೆ ತೊಗಟೆಯನ್ನು ಮೊಗ್ಗು ಸುಲಭವಾಗಿ ಸೀಳಿಕೊಂಡು ಬರುತ್ತದೆ. ಈಗ ಕಾಂಡ ದಪ್ಪವಾಗಿದೆ, ತೊಗಟೆ ಗಟ್ಟಿಯಾಗಿದೆ, ಒಳಗಿನ ಮೊಗ್ಗುಗಳು ಎಷ್ಟೋ ಸತ್ತಿರುತ್ತವೆ. ಹಳೆಯ ಕುತ್ತಿಯ ನಡುವೆ ಕೊಳೆತ ಪೊಟರೆಯೂ ಇರಬಹುದು. ಮರ ವಯಸ್ಸಾದಷ್ಟೂ ಬುಡದಿಂದ ಚಿಗುರುವ ಶಕ್ತಿ ಕುಗ್ಗುತ್ತದೆ. ಹಾಗಾಗಿ ‘ಅಜ್ಜನ ಕಾಲದಲ್ಲಿ ಚಿಗುರಿತ್ತು, ಈಗಲೂ ಚಿಗುರುತ್ತದೆ’ ಎಂಬ ಮಾತಿಗೆ ಖಾತರಿ ಇಲ್ಲ. ಬಹಳಷ್ಟು ಚಿಗುರಬಹುದು. ಕೆಲವು ಸಾಯುತ್ತವೆ. ಯಾವುದು ಎಂದು ಕಡಿಯುವ ಮೊದಲೇ ಹೇಳಲು ನನಗೂ ಆಗುವುದಿಲ್ಲ, ಆ ವ್ಯಾಪಾರದವರಿಗೂ ಆಗುವುದಿಲ್ಲ.

ನಿಮ್ಮ ಹೆಂಡತಿಯ ಬಾವಿಯ ಮಾತಿಗೆ ಬರುತ್ತೇನೆ. ಅದನ್ನು ಸುಮ್ನೆ ಹೇಳಿದ್ದು ಎಂದು ತಳ್ಳಿಹಾಕಬೇಡಿ. ಮರಗಳು ನೀರು ಕುಡಿಯುತ್ತವೆ, ಅದು ನಿಜ. ಕಡಿದ ಮೊದಲ ವರ್ಷ ಕೆಲವು ಕಡೆ ತೋಡಿನಲ್ಲಿ ನೀರು ಜಾಸ್ತಿ ಕಂಡರೂ ಆಶ್ಚರ್ಯವಿಲ್ಲ. ಆದರೆ ಹಾಡಿಯ ನೆಲದಲ್ಲಿ ತರಗೆಲೆಯ ಹಾಸು, ಬೇರಿನ ಸಂದು, ಗೆದ್ದಲು ಮತ್ತು ಎರೆಹುಳು ಕೊರೆದ ದಾರಿಗಳು ಇರುತ್ತವೆ. ಜುಲೈ ತಿಂಗಳ ಮಳೆ ಓಡಿಹೋಗದೆ ಒಳಗೆ ಇಳಿಯುವುದು ಅವುಗಳಿಂದ. ಇಡೀ ಎರಡೂವರೆ ಎಕ್ರೆ ಒಂದೇ ಸಲ ಬೋಳಾದರೆ, ತರಗೆಲೆ ಕೊಚ್ಚಿಹೋಗಿ ನೆಲ ಗಟ್ಟಿಯಾದರೆ, ಬೇಸಗೆಯ ಬಾವಿಗೆ ಪೆಟ್ಟು ಬೀಳುವ ಸಾಧ್ಯತೆ ಖಂಡಿತ ಇದೆ. ಅವರ ಭಯಕ್ಕೆ ಆಧಾರ ಇದೆ. ಒಂದು ಸಣ್ಣ ಭಾಗ ಮಾತ್ರ ಕಡಿದು ನೆಲದ ಹಾಸು ಉಳಿಸಿಕೊಂಡರೆ ಆ ಭಯ ಬೇಡ.

ಈಗ ನಿಮ್ಮ ಮುಂದಿರುವ ದಾರಿಗಳು. ಇಡೀ ಹಾಡಿ ಕೊಡುವುದು ಒಂದು ದಾರಿ. ಅದನ್ನು ನಾನು ಒಪ್ಪುವುದಿಲ್ಲ. ಇಷ್ಟು ಹೊತ್ತು ಹೇಳಿದ ಕಾರಣಗಳ ಜೊತೆ ಇನ್ನೊಂದಿದೆ. ಇಡೀ ಜಾಗ ಕಡಿಯುವವರು ಜೆಸಿಬಿ ತರುತ್ತಾರೆ, ದಾರಿ ಮಾಡುತ್ತಾರೆ, ಅಡ್ಡ ಬಂದ ಕುತ್ತಿಗಳನ್ನು ಕೀಳುತ್ತಾರೆ. ಬೇರು ಹೋದ ಮೇಲೆ ಚಿಗುರುವ ಮಾತೆಲ್ಲಿ? ನಂತರ ಆ ಬೋಳು ಗುಡ್ಡೆಯನ್ನು ನೋಡಿ ‘ಇನ್ನು ರಬ್ಬರ್ ಹಾಕುವ’ ಎಂದು ಯಾರಾದರೂ ಹೇಳುತ್ತಾರೆ. ಹೀಗೆ ಹೋದ ಹಾಡಿಗಳನ್ನು ನಾನು ಕಾರ್ಕಳ, ಬಂಟ್ವಾಳ ಕಡೆ ಬೇಕಾದಷ್ಟು ನೋಡಿದ್ದೇನೆ.

ಏನೂ ಮಾಡದೆ ಬಿಡುವುದು ಇನ್ನೊಂದು ದಾರಿ. ಇದರಲ್ಲಿ ತಪ್ಪೇನೂ ಇಲ್ಲ. ಮೂವತ್ತು ವರ್ಷದಲ್ಲಿ ನಿಮ್ಮ ಹಾಡಿ ತಾನಾಗಿಯೇ ಎತ್ತರದ ಕಾಡಾಗುವ ಹಾದಿ ಹಿಡಿದಿದೆ. ಒಂದೇ ಬುಡದ ನಾಲ್ಕೈದು ಕಾಂಡಗಳಲ್ಲಿ ಕೆಲವು ಮಳೆಗಾಲದ ಗಾಳಿಗೆ ಸೀಳಿ ಬೀಳಬಹುದು. ಮನೆಯ ಮೇಲೆ, ಕರೆಂಟ್ ಲೈನಿನ ಮೇಲೆ ವಾಲಿದ್ದರೆ ಅಷ್ಟನ್ನು ತೆಗೆಸಿದರಾಯಿತು. ನಿಮಗೆ ಸೌದೆಯ ಅಗತ್ಯ ಇಲ್ಲದಿದ್ದರೆ, ನೋಡಿಕೊಳ್ಳಲು ಮನೆಯಲ್ಲಿ ಆಳು ಇಲ್ಲದಿದ್ದರೆ, ನನ್ನ ಓಟು ಇದಕ್ಕೇ.

ಮೂರನೆಯದು ಅಜ್ಜನ ದಾರಿ, ಸ್ವಲ್ಪ ಬದಲಾಯಿಸಿ. ತೋಡಿನ ಪಕ್ಕದ ಇಳಿಜಾರನ್ನು ಪೂರ್ತಿ ಬಿಟ್ಟುಬಿಡಿ. ನಾಗಬನ ಇದ್ದರೆ ಅದರ ಸುತ್ತಲೂ ಬಿಡಿ. ಮೇಲಿನ ಸಮತಟ್ಟು ಭಾಗದಲ್ಲಿ ಒಂದು ಎಕ್ರೆ ಮಾತ್ರ ಇದಕ್ಕೆಂದು ಗುರುತು ಮಾಡಿ. ಅದನ್ನು ಇಪ್ಪತ್ತು ಸೆಂಟ್ಸಿನ ಐದು ತುಂಡು ಮಾಡಿ. ಎರಡು ವರ್ಷಕ್ಕೆ ಒಂದು ತುಂಡು ಕಡಿದರೆ ಮೊದಲ ತುಂಡಿಗೆ ಮತ್ತೆ ಬರುವುದು ಹತ್ತು ವರ್ಷಕ್ಕೆ. ಒಂದು ತುಂಡಿನ ಬೇಲಿಯನ್ನೇ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು, ಅಷ್ಟರಲ್ಲಿ ಚಿಗುರು ದನದ ಬಾಯಿಗೆ ಸಿಗದಷ್ಟು ಎತ್ತರ ಹೋಗಿರುತ್ತದೆ. ಇಪ್ಪತ್ತು ಸೆಂಟ್ಸಿಗಿಂತ ತೀರಾ ಸಣ್ಣದು ಮಾಡಬೇಡಿ. ಸುತ್ತಲಿನ ಮರಗಳ ನೆರಳು ಬಿದ್ದರೆ ಚಿಗುರು ಸೊರಗುತ್ತದೆ. ಅಲ್ಲೊಂದು ಇಲ್ಲೊಂದು ಮರ ಆರಿಸಿ ಕಡಿದರೆ ಚಿಗುರು ಬರುವುದಿಲ್ಲ ಎಂದು ದೂರುವವರು ಇದನ್ನೇ ಮರೆತಿರುತ್ತಾರೆ. ಆದರೆ ಪ್ರತಿ ತುಂಡಿನಲ್ಲೂ ನೆಟ್ಟಗೆ ಬೆಳೆದ ನಾಲ್ಕಾರು ಒಳ್ಳೆ ಮರಗಳನ್ನು, ಬೀಜದಿಂದ ಹುಟ್ಟಿದವನ್ನು, ದೊಡ್ಡದಾಗಲು ಬಿಡಿ. ಮೋಪಿಗೆ ಅವೇ ಬೇಕು. ಬುಡಚಿಗುರಿನಿಂದ ಎದ್ದ ಕಾಂಡ ಸೌದೆಗೆ, ಗೂಟಕ್ಕೆ, ಹಂದರಕ್ಕೆ ಚೆನ್ನ. ಹಲಗೆಗೆ ಅಷ್ಟು ಒಳ್ಳೆಯದಲ್ಲ, ಬುಡದಲ್ಲಿ ಡೊಂಕು ಇರುತ್ತದೆ, ಹಳೆ ಕುತ್ತಿಯ ಕೊಳೆತ ಮೇಲೆ ಹತ್ತುತ್ತದೆ.

ಕಡಿಯುವ ಸಮಯ ಡಿಸೆಂಬರ್ ಕೊನೆಯಿಂದ ಫೆಬ್ರವರಿ. ಹೊಸ ಎಲೆ ಬರುವ ಮೊದಲು ಬೇರಿನಲ್ಲಿ ಪಿಷ್ಟ ತುಂಬಿರುತ್ತದೆ, ಮಳೆ ಬರುವ ಹೊತ್ತಿಗೆ ಚಿಗುರು ಎದ್ದಿರುತ್ತದೆ. ಮಳೆಗಾಲದಲ್ಲಿ ಕಡಿದರೆ ಗಾಯದಲ್ಲಿ ನೀರು ನಿಂತು ಶಿಲೀಂಧ್ರ ಹತ್ತುತ್ತದೆ. ನೆಲದಿಂದ ಒಂದು ಗೇಣಿನೊಳಗೆ ಕಡಿಯಿರಿ. ಎತ್ತರದಲ್ಲಿ ಕಡಿದರೆ ಕೆಲಸ ಸುಲಭ, ಆದರೆ ಕುತ್ತಿಯ ತಲೆಯಲ್ಲಿ ಬಂದ ಚಿಗುರು ದಪ್ಪವಾದಾಗ ಗಾಳಿಗೆ ಕಿತ್ತು ಬರುತ್ತದೆ. ಮಣ್ಣಿನ ಹತ್ತಿರ ಬಂದದ್ದು ಭದ್ರ. ಯಂತ್ರದ ಗರಗಸ ಬಳಸಬಹುದು. ಅವಸರ ಮಾಡಿದರೆ ಮರ ಬೀಳುವಾಗ ತೊಗಟೆ ಸಿಬಿರು ಎದ್ದು ಬುಡದ ತನಕ ಸೀಳುತ್ತದೆ. ತೊಗಟೆ ಕಿತ್ತು ಬಂದ ಕಡೆ ಚಿಗುರಿಲ್ಲ. ಹಾಗಾಗಿ ಮೊದಲು ಸೊಂಟದ ಎತ್ತರದಲ್ಲಿ ಕಡಿದು ಭಾರ ಇಳಿಸಿ. ಆಮೇಲೆ ಕೆಳಗೆ, ನೀರು ಹೊರಗೆ ಜಾರುವ ಹಾಗೆ ಸ್ವಲ್ಪ ಓರೆಯಾಗಿ, ನುಣ್ಣಗೆ ಇನ್ನೊಂದು ಕಡಿತ. ಕೆಲಸದವರಿಗೆ ಇದು ಎರಡು ಪಟ್ಟು ಕೆಲಸ, ಬೇಡ ಅನ್ನುತ್ತಾರೆ. ನೀವು ಎದುರು ನಿಂತು ಮಾಡಿಸಿ. ಕಡಿದ ಕುತ್ತಿಯ ಮೇಲೆ ಸೆಗಣಿ ಬಳಿಯಬೇಕಾ ಎಂದು ಹಲವರು ಕೇಳುತ್ತಾರೆ. ಬಳಿದರೆ ತೊಂದರೆ ಇಲ್ಲ, ಬಳಿಯದಿದ್ದರೂ ಇಲ್ಲ. ಕಸ ಕುತ್ತಿಯ ಮೇಲೆ ರಾಶಿ ಹಾಕಿ ಬೆಂಕಿ ಕೊಡುವುದು ಮಾತ್ರ ಬೇಡವೇ ಬೇಡ.

ಸೌದೆ ತನ್ನಿ, ಎಲೆ ಮತ್ತು ಸಣ್ಣ ಕಡ್ಡಿ ಅಲ್ಲೇ ಹರಡಿ ಬಿಡಿ. ಮರ ಮಣ್ಣಿನಿಂದ ತೆಗೆದುಕೊಂಡ ಸಾರದಲ್ಲಿ ದೊಡ್ಡ ಪಾಲು ಎಲೆಯಲ್ಲಿ, ತೊಗಟೆಯಲ್ಲಿ ಇರುತ್ತದೆ. ನಮ್ಮ ಕೆಂಪು ಮಣ್ಣು ಮೊದಲೇ ಬಡ ಮಣ್ಣು. ಅದನ್ನೂ ಹೊತ್ತುಕೊಂಡು ಬಂದರೆ ಮುಂದಿನ ಬೆಳೆಗೆ ಏನು ಉಳಿಯುತ್ತದೆ?

ಒಂದು ಕುತ್ತಿಯಲ್ಲಿ ಇಪ್ಪತ್ತು ಮೂವತ್ತು ಚಿಗುರು ಬರುವುದು ಸಹಜ. ಮೊದಲ ವರ್ಷ ಮುಟ್ಟಬೇಡಿ. ಎರಡನೇ ಮಳೆಗಾಲ ಮುಗಿದ ಮೇಲೆ ಬುಡದ ಸುತ್ತ ಹರಡಿಕೊಂಡ, ನೆಲದ ಹತ್ತಿರ ಹುಟ್ಟಿದ ಎರಡು ಮೂರು ಗಟ್ಟಿ ಚಿಗುರು ಉಳಿಸಿ, ಬಾಕಿಯದ್ದು ತೆಗೆದು ದನಕ್ಕೋ ತೋಟಕ್ಕೋ ಹಾಕಿ. ಆ ಎರಡು ವರ್ಷ ದನ, ಆಡು ಒಳಗೆ ಬರಬಾರದು. ಕಡವೆ, ಕಾಡುಕೋಣ ಓಡಾಡುವ ಜಾಗವಾದರೆ ಬೇಲಿ ಇನ್ನೂ ಭದ್ರ ಬೇಕು. ಚಿಗುರು ಮೇಯ್ದರೆ ಮರ ಮತ್ತೆ ಬೇರಿನಿಂದ ತೆಗೆದು ಚಿಗುರಬೇಕು. ಮತ್ತೆ ಮತ್ತೆ ಹಾಗಾದರೆ ಬುಡ ಸಾಯಬಹುದು.

ಕಾನೂನಿನ ವಿಷಯ. ಬುಡಕ್ಕೆ ಕಡಿಯುವುದು ಕಾನೂನಿನ ಕಣ್ಣಲ್ಲಿ ಮರ ಕಡಿಯುವುದೇ, ‘ಚಿಗುರುತ್ತದೆ’ ಎಂಬ ಸಬೂಬು ನಡೆಯುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರಕ್ಕೂ ಅನುಮತಿ ಬೇಕು. ಗಾಳಿ, ನೀಲಗಿರಿ, ರಬ್ಬರ್, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಆ ಪಟ್ಟಿ ತಿದ್ದುಪಡಿ ಆಗುತ್ತಿರುತ್ತದೆ, ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಈಗಿನದ್ದು ಕೇಳಿ. ಅದಕ್ಕೂ ಮೊದಲು ಆರ್‌ಟಿಸಿ, ನಕ್ಷೆ ಹಿಡಿದು ಗಡಿ ನೋಡಿ. ಹಾಡಿಯ ಒಂದು ಭಾಗ ಕುಮ್ಕಿಯಲ್ಲಿ ಇರುವುದು ನಮ್ಮ ಕಡೆ ಮಾಮೂಲು. ಕುಮ್ಕಿ ಸರಕಾರಿ ಜಾಗ, ವರ್ಗದಾರರಿಗೆ (ಪಕ್ಕದ ಜಮೀನಿನ ಒಡೆಯರಿಗೆ) ಇರುವುದು ಕೆಲವು ಸವಲತ್ತು ಮಾತ್ರ. ಅಲ್ಲಿಯ ಮರ ಮಾರಿದರೆ ನಿಮ್ಮ ಮೇಲೆ ಕೇಸು ಬೀಳಬಹುದು ಎಂದು ತಿಳಿದುಕೊಳ್ಳಿ. ಗಂಧ, ಬೀಟೆ ಇದ್ದರೆ ಅನುಮತಿ ಇಲ್ಲದೆ ಗೆಲ್ಲು ಕೂಡ ಮುಟ್ಟಬೇಡಿ.

ಈ ವರ್ಷಕ್ಕೆ ನಾನು ಹೇಳುವುದು ಇಷ್ಟು. ವ್ಯಾಪಾರದವರಿಗೆ ಈಗ ಬೇಡ ಅನ್ನಿ. ನವೆಂಬರ್‌ನಲ್ಲಿ ಮನೆಯವರೆಲ್ಲ ಸೇರಿ ಹಾಡಿ ಸುತ್ತಿ, ಯಾವುದು ಬುಡಚಿಗುರಿನ ಮರ, ಯಾವುದು ಬೀಜದ್ದು ಎಂದು ಬಣ್ಣದಲ್ಲಿ ಗುರುತು ಹಾಕಿ. ಅನುಮತಿಗೆ ಅರ್ಜಿ ಕೊಡಿ. ಸಿಕ್ಕಿದ ಮೇಲೆ ಮೇಲಿನ ಸಮತಟ್ಟಿನ ಒಂದು ಅಂಚಿನಲ್ಲಿ, ಬಿಸಿಲು ಬೀಳುವ ಕಡೆ, ಬೇರೆ ಬೇರೆ ಜಾತಿಯ ಹತ್ತು ಬುಡಗಳನ್ನು ಮಾತ್ರ ಜನವರಿಯಲ್ಲಿ ಕಡಿಸಿ, ಸುತ್ತ ಬೇಲಿ ಹಾಕಿ. ಅಕ್ಟೋಬರ್ ತನಕ ನೋಡಿ. ಹತ್ತರಲ್ಲಿ ಏಳೆಂಟು ಬುಡ ಆರೋಗ್ಯವಾಗಿ ಚಿಗುರಿದ್ದರೆ ಮುಂದಿನ ಚಳಿಗಾಲದಲ್ಲಿ ಮೊದಲ ಇಪ್ಪತ್ತು ಸೆಂಟ್ಸಿಗೆ ಕೈ ಹಾಕಬಹುದು. ಅರ್ಧದಷ್ಟೂ ಚಿಗುರದಿದ್ದರೆ ಅಲ್ಲಿಗೆ ನಿಲ್ಲಿಸಿ, ಉಳಿದ ಹಾಡಿಯನ್ನು ಮೇಲಕ್ಕೆ ಬೆಳೆಯಲು ಬಿಡಿ. ಚಿಗುರದ ಜಾತಿ ಯಾವುದು ಎಂದು ಬರೆದಿಟ್ಟುಕೊಂಡು ನನಗೂ ತಿಳಿಸಿ.